ಓದುಗರ ಹಕ್ಕಿ ಪ್ರಶ್ನೆಗಳು: ಲೇಹ್‌ನ ಒಣ ಬೆಟ್ಟ, ಒದ್ದೆ ನೆಲ

ಈ ತಿಂಗಳ ಅಂಚೆಯಲ್ಲಿ ಲಡಾಖ್‌ನ ಹಕ್ಕಿಗಳ ಬಗ್ಗೆಯೇ ಪ್ರಶ್ನೆಗಳು ಹೆಚ್ಚು ಬಂದಿವೆ. ಹೋಗಿಬಂದವರ ಪ್ರಶ್ನೆಗಳೂ ಇವೆ, ಟಿಕೆಟ್ ಮಾಡಿಸಿ ಕುಳಿತವರದ್ದೂ ಇವೆ. ಉತ್ತರಗಳಲ್ಲಿ ಲೇಹ್ ಜಿಲ್ಲೆ ಎಂದಿರುವಲ್ಲೆಲ್ಲ 45,110 ಚದರ ಕಿ.ಮೀ. ವಿಸ್ತಾರದ ಹಳೆಯ ಜಿಲ್ಲೆ ಎಂದೇ ಓದಿಕೊಳ್ಳಿ. ಅದೊಂದೇ ಕರ್ನಾಟಕದ ಕಾಲುಭಾಗಕ್ಕೆ ಹತ್ತಿರ. ಅದರಿಂದ ನುಬ್ರಾ, ಶಾಮ್, ಚಾಂಗ್‌ತಾಂಗ್ ಜಿಲ್ಲೆಗಳನ್ನು ಬೇರೆ ಮಾಡುವುದಾಗಿ 2024ರ ಆಗಸ್ಟ್‌ನಲ್ಲಿ ಘೋಷಣೆಯಾಗಿದೆ.

ಪ್ರಶ್ನೆ: ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಲಡಾಖ್‌ನವೇ? ಎವರೆಸ್ಟ್ ಮೇಲೆ ಹಾರಿ ಬರುತ್ತವೆ ಅಂತಾರೆ, ಹೌದೇ? (ಲಕ್ಷ್ಮೇಶ್ವರದ ಓದುಗರು)

ಲಡಾಖ್‌ನಲ್ಲಿ ಅವು ಮರಿ ಮಾಡುವುದು ನಿಜ. ತ್ಸೋ ಮೊರಿರಿಯ ನಡುಗಡ್ಡೆಗಳು, ತ್ಸೋ ಕರ್ ಪಕ್ಕದ ಸ್ಟಾರ್ಟ್ಸಪುಕ್ ತ್ಸೋ, ಹಾನ್ಲೆ ಸುತ್ತಿನ ಜೌಗು, ಹೀಗೆ 4,200 ಮೀಟರಿಗಿಂತ ಮೇಲಿನ ನೀರಿನ ತಾಣಗಳೇ ಅವುಗಳ ತವರು. ಆದರೆ ಇದೇ ಹೆಬ್ಬಾತು ಟಿಬೆಟ್, ಚಿಂಗ್ಹಾಯ್, ಮಂಗೋಲಿಯಾಗಳಲ್ಲೂ ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಹಾಗಾಗಿ ಮಾಗಡಿಯ ಹಿಂಡು ಒಂದೇ ಊರಿನದು ಎಂದುಕೊಳ್ಳಬೇಡಿ. ಮುಂದಿನ ಸಲ ಕೆರೆಗೆ ಹೋದಾಗ ಹಿಂಡು ದಂಡೆಗೆ ಬಂದು ನಿಂತಿರುವಾಗ ಕೊರಳುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಂಡು, ಮಸುಕಾಗಿದ್ದರೂ ಸರಿ, ಒಂದು ಫೋಟೊ ತೆಗೆಯಿರಿ. ಬಣ್ಣ ತಪ್ಪಿದರೆ ಯಾವ ದೇಶದ ಪಟ್ಟಿ ಎಂಬುದೇ ತಪ್ಪುತ್ತದೆ.

ಎವರೆಸ್ಟ್ ಮಾತು ಉತ್ಪ್ರೇಕ್ಷೆ. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದ ಹೆಬ್ಬಾತುಗಳ ದಾಖಲೆಯಲ್ಲಿ ಅತಿ ಎತ್ತರದ ಹಾರಾಟ 7,290 ಮೀಟರ್, ಉಳಿದ ಹಾರಾಟದ ಬಹುಪಾಲು 6,000 ಮೀಟರಿಗಿಂತ ಕೆಳಗೆ. ಅವು ಶಿಖರದ ನೆತ್ತಿ ಹಿಡಿಯುವುದಿಲ್ಲ, ಕಣಿವೆ ಮತ್ತು ಕಣಿವೆಯ ತಲೆಯಲ್ಲಿರುವ ಲಾ (ಬೆಟ್ಟಸಾಲು ದಾಟುವ ತಗ್ಗು ದಾರಿ) ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ತಾವೂ ಏರಿ ಇಳಿದು ದಾಟುತ್ತವೆ. ಒಂದೇ ಎತ್ತರದಲ್ಲಿ ನೇರ ಹೋಗುವುದಕ್ಕಿಂತ ಇದರಲ್ಲಿ ಶಕ್ತಿ ಉಳಿಯುತ್ತದೆ, ಏಕೆಂದರೆ ಮೇಲೆ ಹೋದಷ್ಟೂ ಗಾಳಿ ತೆಳು, ರೆಕ್ಕೆ ಬಡಿತ ದುಬಾರಿ. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಹಾರುವುದಕ್ಕೂ ಅದೇ ಕಾರಣ, ತಂಪು ಗಾಳಿ ದಟ್ಟವಾಗಿರುತ್ತದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳದ್ದಕ್ಕಿಂತ ಬೇಗ ಆಮ್ಲಜನಕ ಹಿಡಿಯುತ್ತದೆ. ಇದಿಷ್ಟೇ ಸಾಕಷ್ಟು ದೊಡ್ಡ ಸಂಗತಿ, ಎವರೆಸ್ಟ್ ಸೇರಿಸುವ ಅಗತ್ಯವಿಲ್ಲ.

ಇನ್ನೊಂದು ವಿಷಯ. ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ದೊಡ್ಡ ಹೆಬ್ಬಾತುಗಳು ಹಾರುಗರಿಗಳನ್ನು ಒಟ್ಟಿಗೇ ಉದುರಿಸಿ ಸುಮಾರು ಒಂದು ತಿಂಗಳು ಹಾರಲಾರದೆ ಇರುತ್ತವೆ. ನಮ್ಮ ಪ್ರವಾಸಿಗರು ಹೆಚ್ಚಾಗಿ ಹೋಗುವುದೂ ಆಗಲೇ. ದಡದಲ್ಲಿ ಮೇಯುತ್ತಿರುವ ಹಿಂಡಿನತ್ತ ನಡೆದರೆ ಅವು ಮರಿಗಳ ಸಮೇತ ನೀರಿಗೆ ಓಡುತ್ತವೆ, ಮೇವು ತಪ್ಪುತ್ತದೆ, ಮರಿ ಹಿಂದೆ ಉಳಿದರೆ ನಾಯಿಗೆ ಸಿಗುತ್ತದೆ.

ಪ್ರಶ್ನೆ: ಜೂನ್‌ನಲ್ಲಿ ಎಂಟು ದಿನ ಹೋಗುತ್ತಿದ್ದೇವೆ. ಚಿತ್ರಗಳಲ್ಲಿ ಬರೀ ಬೋಳು ಬೆಟ್ಟ ಕಾಣುತ್ತದೆ. ಹಕ್ಕಿ ಎಲ್ಲಿ ಹುಡುಕಬೇಕು? (ಬೆಂಗಳೂರಿನ ಓದುಗರು)

ಬೋಳು ಬೆಟ್ಟ ಬಿಟ್ಟು ಒದ್ದೆ ನೆಲ ಹುಡುಕಿ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ಆಗುಂಬೆಯಲ್ಲಿ ಒಂದು ಜೋರು ದಿನಕ್ಕೆ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಲ್ಲಿ ಹಸಿರು ಹುಟ್ಟುವುದು ಕರಗಿದ ಹಿಮ ಹರಿಯುವ ದಾರಿಯಲ್ಲಿ ಮಾತ್ರ: ನದಿಯ ಅಂಚು, ಊರಿನ ಕಾಲುವೆ, ಬುಗ್ಗೆ, ಕೆರೆಯ ಜೌಗು. ಜಿಲ್ಲೆಯ ಹಕ್ಕಿಪಟ್ಟಿಯ ದೊಡ್ಡ ಪಾಲು ಈ ಸಣ್ಣ ಪಟ್ಟಿಗಳಲ್ಲೇ ಇದೆ. ಲಡಾಖ್‌ನಲ್ಲಿ ದಾಖಲಾದ 300ಕ್ಕೂ ಹೆಚ್ಚು ಜಾತಿಗಳಲ್ಲಿ ಅನೇಕವು ವಸಂತದಲ್ಲೂ ಸೆಪ್ಟೆಂಬರ್‌ನಲ್ಲೂ ಹಾದುಹೋಗುವಂಥವು. ಜೂನ್‌ನಲ್ಲಿ ನಿಮಗೆ ಸಿಗುವುದು ಗೂಡು ಕಟ್ಟುವ ಹಕ್ಕಿಗಳು, ಆದರೆ ಅವೇ ಮುಖ್ಯ.

ಮೊದಲ ಎರಡು ದಿನ ಲೇಹ್ ಊರಲ್ಲೇ ಇರಿ. ಊರು 3,500 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನಿಂದ ವಿಮಾನದಲ್ಲಿ ಹೋದ ದೇಹಕ್ಕೆ ಅಷ್ಟು ಬಿಡುವು ಬೇಕೇಬೇಕು. ಸಂಜೆ ಪಾಪ್ಲರ್, ವಿಲೋ ಮರಗಳ ಕಾಲುವೆ ಬದಿಯಲ್ಲಿ ನಿಧಾನ ನಡೆದರೆ ಸಾಕು. ನಮ್ಮ ಮಟಪಕ್ಷಿಯ ಬಳಗದ ಮ್ಯಾಗ್‌ಪೈ, ಚಂದ್ರಮುಕುಟ, ಹ್ಯೂಮ್ಸ್ ವೈಟ್‌ಥ್ರೋಟ್, ಗುಬ್ಬಚ್ಚಿಗಳ ಜೊತೆ ಕೆಂಪು ಹಣೆಯ ಸೆರಿನ್ ಸಿಗುತ್ತವೆ.

ಮೂರನೆಯ ದಿನ ಸಿಂಧೂ ಕಣಿವೆ. ಲೇಹ್‌ನಿಂದ 15 ಕಿ.ಮೀ. ದೂರದ ಶೇ ಊರಿನ ಕೊಳ, ಜೌಗು, ಸೀಬಕ್‌ಥಾರ್ನ್ ಮುಳ್ಳುಪೊದೆ, ಆಚೆಗೆ ಥಿಕ್ಸೆವರೆಗಿನ ನದಿ ದಂಡೆ. ಇಲ್ಲಿ ಐಬಿಸ್‌ಬಿಲ್ ಹುಡುಕಬೇಕು. ಬೂದು ಮೈ, ಕಪ್ಪು ಮುಖ, ಎದೆಗೆ ಅಡ್ಡ ಕಪ್ಪು ಪಟ್ಟಿ, ಕೆಳಕ್ಕೆ ಬಾಗಿದ ಕೆಂಪು ಕೊಕ್ಕು. ಉರುಟು ಕಲ್ಲುಗಳ ನಡುವೆ ಅದು ನಿಂತರೆ ಕಲ್ಲೇ. ದಂಡೆಯಲ್ಲಿ ನಡೆದು ಹುಡುಕಿದರೆ ಸಿಗುವುದು ಅಪರೂಪ. ಎತ್ತರದ ಒಂದು ಜಾಗದಲ್ಲಿ ಸ್ಕೋಪ್ ನಿಲ್ಲಿಸಿ, ನೀರಿನ ನಡುವಿನ ಕಲ್ಲುದಿಬ್ಬಗಳ ಅಂಚನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಹದಿನೈದು ನಿಮಿಷ ನಿಧಾನವಾಗಿ ನೋಡಿ, ಮತ್ತೆ ಮೊದಲಿಂದ ನೋಡಿ. ಅದು ಕೊಕ್ಕನ್ನು ಕಲ್ಲಿನಡಿಗೆ ತೂರಿಸಿ ಹುಳು ಹಿಡಿಯುವಾಗ ತಲೆ ಆಡುತ್ತದೆ, ಕಣ್ಣಿಗೆ ಬೀಳುವುದು ಆ ಆಟವೇ. ಜುಲೈ ಹೊತ್ತಿಗೆ ಕರಗುನೀರು ಏರಿ ದಿಬ್ಬಗಳು ಮುಳುಗುತ್ತವೆ, ಹಾಗಾಗಿ ಜೂನ್ ಮೊದಲ ವಾರವಾದರೆ ಒಳ್ಳೆಯದು.

ನಾಲ್ಕನೆಯ ದಿನ ಖರ್ದುಂಗ್ ಲಾ ದಾರಿಯಲ್ಲಿ ಸೌತ್ ಪುಲ್ಲುವರೆಗೆ ಹೋದರೆ ಸಾಕು. ಕಲ್ಲು ಜಾರಿದ ಇಳಿಜಾರುಗಳಲ್ಲಿ ಚಕೋರ, ಹಿಮಾಲಯನ್ ಸ್ನೋಕಾಕ್, ಕಂದು ಆಕ್ಸೆಂಟರ್. ಸ್ನೋಕಾಕ್ ಬೆಳಗಿನ ಜಾವ ಸಿಳ್ಳೆಯಂತೆ ಏರುವ ದನಿ ಹಾಕುತ್ತದೆ. ದನಿ ಬಂದ ದಿಕ್ಕಿನಲ್ಲಿ ಬೆಟ್ಟದ ಏಣನ್ನು ಬೈನಾಕ್ಯುಲರ್‌ನಲ್ಲಿ ಹಿಂಬಾಲಿಸಿ.

ಐದನೆಯ ದಿನ ಉಪ್ಶಿ ದಾಟಿ, ಸುಮಾರು 4,000 ಮೀಟರಿನ ಚುಮಾಥಾಂಗ್‌ನಲ್ಲಿ ಮಲಗಿ. ಲೇಹ್‌ನಿಂದ ಸೀದಾ ಹೋಗಿ ಕೆರೆಯ ದಡದಲ್ಲಿ ಮಲಗಿದರೆ ಒಂದೇ ಹಗಲಿಗೆ 1,000 ಮೀಟರ್ ಏರಿದ ಹಾಗೆ. ತಲೆಸಿಡಿತ, ವಾಂತಿ ಶುರುವಾಗಿ ಹಕ್ಕಿ ನೋಡುವ ದಿನವೇ ಹಾಳಾಗುತ್ತದೆ. ಆರನೆಯ ದಿನ ಪುಗಾದ ಬಿಸಿನೀರ ಬುಗ್ಗೆಗಳ ಜೌಗು ನೋಡಿಕೊಂಡು, ಪೊಲೊಕೊಂಗ್ಕಾ ಲಾ ಇಳಿದರೆ ಸ್ಟಾರ್ಟ್ಸಪುಕ್ ತ್ಸೋ ಮತ್ತು ತ್ಸೋ ಕರ್. ಎರಡು ಕೆರೆ ಅಕ್ಕಪಕ್ಕ ಇದ್ದರೂ ಹಕ್ಕಿ ಬೇರೆ. ಸ್ಟಾರ್ಟ್ಸಪುಕ್ ಸಿಹಿನೀರು. ಜೊಂಡು, ಹುಲ್ಲು, ಮೀನು ಹಿಡಿಯುವ ದೊಡ್ಡ ಗುಳುಮುಳುಕ, ರೀವ, ಕಂದುತಲೆ ಕಡಲಕ್ಕಿ, ಕಪ್ಪುಕೊರಳ ಕ್ರೌಂಚ ಎಲ್ಲ ಅಲ್ಲಿ. ತ್ಸೋ ಕರ್‌ನದು ಕಡು ಉಪ್ಪುನೀರು, ಚಾಂಗ್ಪಾ ಜನ ಹಿಂದೆ ಇಲ್ಲಿಂದ ಉಪ್ಪು ಒಯ್ದು ಮಾರುತ್ತಿದ್ದರು. ಅದರ ಬಿಳಿ ಅಂಚಿನಲ್ಲಿ ನಿಂತು ನಿರಾಶರಾಗುವವರು ಬಹಳ. ಕೆರೆಗೆ ಸಿಹಿತೊರೆ ಸೇರುವ ಬಾಯಿಗಳಿಗೆ ಹೋಗಿ. ಟಿಬೆಟನ್ ಸ್ಯಾಂಡ್‌ಗ್ರೌಸ್ ನೀರು ಕುಡಿಯಲು ಅಲ್ಲಿಗೆ ಬರುತ್ತದೆ, ಚಕ್ರವಾಕಗಳೂ ಅಲ್ಲೇ. ಈ ಜೋಡಿ ಕೆರೆಗಳು 2020ರಲ್ಲಿ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದವು, ತ್ಸೋ ಮೊರಿರಿ 2002ರಲ್ಲೇ ಸೇರಿತ್ತು.

ವಾಪಸ್ 5,328 ಮೀಟರಿನ ತಂಗ್ಲಾಂಗ್ ಲಾ ಮೇಲೆ. ಎಂಟು ದಿನದಲ್ಲಿ ಹಾನ್ಲೆ, ಪ್ಯಾಂಗಾಂಗ್, ನುಬ್ರಾ ಎಲ್ಲ ಸೇರಿಸಲು ಹೋಗಬೇಡಿ. ಸೇರಿಸಿದರೆ ನೋಡುವುದು ರಸ್ತೆಯನ್ನೇ. ಗಡಿ ಪ್ರದೇಶದ ಪರವಾನಗಿ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಲೇಹ್ ಆಡಳಿತದ ಜಾಲತಾಣದಲ್ಲಿ ನೋಡಿಕೊಳ್ಳಿ. ಡೀಸೆಲ್ ಕರೂ ಊರಲ್ಲೇ ತುಂಬಿಸಿ.

ಪ್ರಶ್ನೆ: ಹಳದಿ ಕೊಕ್ಕಿನ ಕಾಗೆಯಂಥ ಹಕ್ಕಿಯ ಫೋಟೊ ಹಾಕಿದರೆ ಒಬ್ಬರು ಆಲ್ಪೈನ್ ಚಫ್ ಅಂದರು, ಇನ್ನೊಬ್ಬರು ಕೆಂಪುಕೊಕ್ಕಿನ ಚಫ್‌ನ ಮರಿ ಅಂದರು. ಯಾರು ಸರಿ? (ಶಿವಮೊಗ್ಗದ ಓದುಗರು)

ನೀವು ಕಳಿಸಿದ ಚಿತ್ರ ಆಗಸ್ಟ್‌ನದು, ಎರಡನೆಯವರು ಸರಿ. ಕೆಂಪುಕೊಕ್ಕಿನ ಚಫ್‌ನ ಮರಿಗೆ ಹಾರಲು ಶುರುಮಾಡಿದ ಮೊದಲ ವಾರಗಳಲ್ಲಿ ಕೊಕ್ಕು ಗಿಡ್ಡ, ಬಣ್ಣ ಕಿತ್ತಳೆ ಮಿಶ್ರಿತ ಹಳದಿ. ಕೊಕ್ಕಿನ ಬಣ್ಣ ಮಾತ್ರ ನೋಡಿದವರು ಎಡವುವುದು ಇಲ್ಲೇ. ಕುಳಿತ ಹಕ್ಕಿಯ ಹಿಂಭಾಗ ನೋಡಿ: ರೆಕ್ಕೆಯ ತುದಿ ಬಾಲದ ತುದಿಯವರೆಗೆ ಬಂದಿದ್ದರೆ ಕೆಂಪುಕೊಕ್ಕಿನದು, ಬಾಲ ರೆಕ್ಕೆಗಿಂತ ಸ್ಪಷ್ಟವಾಗಿ ಮುಂದೆ ಚಾಚಿದ್ದರೆ ಹಳದಿಕೊಕ್ಕಿನ ಆಲ್ಪೈನ್ ಚಫ್. ಹಾರುವಾಗ ಮೊದಲನೆಯದರ ರೆಕ್ಕೆ ಚೌಕ, ತುದಿಗರಿಗಳು ಬೆರಳು ಬಿಡಿಸಿದಂತೆ. ಎರಡನೆಯದರ ಬಾಲ ಉದ್ದ, ತುದಿ ದುಂಡು. ದನಿ ಕೇಳಿದರಂತೂ ಅನುಮಾನವೇ ಇಲ್ಲ. ಕೆಂಪುಕೊಕ್ಕಿನದು ‘ಚ್ಯಾ’ ಎಂದು ಒರಟಾಗಿ ಕೂಗುತ್ತದೆ, ಆಲ್ಪೈನ್‌ನದು ತೆಳ್ಳನೆಯ ಸಿಳ್ಳೆ.

ಪ್ರಶ್ನೆ: ಕಪ್ಪುಕೊರಳ ಕ್ರೌಂಚದ ಫೋಟೊ ಎಷ್ಟು ತೆಗೆದರೂ ಮಬ್ಬು. 600 ಎಂಎಂ ಲೆನ್ಸ್ ಇದೆ. ಹತ್ತಿರ ಹೋಗಲೇಬೇಕೇ? (ಮೈಸೂರಿನ ಓದುಗರು)

ಹೋಗಬೇಡಿ. ಮಬ್ಬಿಗೆ ಕಾರಣ ದೂರಕ್ಕಿಂತ ಹೆಚ್ಚಾಗಿ ಗಾಳಿ. 4,500 ಮೀಟರಿನಲ್ಲಿ ಬಿಸಿಲು ಚುರುಕು, ನೆಲ ಬೇಗ ಕಾಯುತ್ತದೆ, ಮೇಲಿನ ಗಾಳಿ ಮಾತ್ರ ತಣ್ಣಗೇ ಇರುತ್ತದೆ. ಬೆಳಗಿನ ಒಂಬತ್ತರ ನಂತರ ನೆಲದಿಂದ ಒಂದೆರಡು ಮೀಟರ್ ಎತ್ತರದವರೆಗೆ ಗಾಳಿ ಕುದಿಯುವಂತೆ ಅಲುಗುತ್ತದೆ. ಅದರ ಮೂಲಕ ತೆಗೆದ ಚಿತ್ರವನ್ನು ಯಾವ ಲೆನ್ಸೂ ಸರಿಮಾಡದು. ಸೂರ್ಯ ಹುಟ್ಟಿದಾಗಿನಿಂದ ಎಂಟೂವರೆವರೆಗೆ ಮಾತ್ರ ತೆಗೆಯಿರಿ, ನೀರು ಅಥವಾ ಒದ್ದೆ ಹುಲ್ಲಿನ ಮೇಲೆ ಹಾದುಹೋಗುವ ಕೋನ ಆರಿಸಿ. ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ: ಕಾರಿನೊಳಗೆ ಹೀಟರ್ ಹಾಕಿ ಕಿಟಕಿ ಇಳಿಸಿ ಲೆನ್ಸ್ ಹೊರಗಿಡುವುದು. ಒಳಗಿನ ಬಿಸಿಗಾಳಿ ಲೆನ್ಸಿನ ಎದುರೇ ಹೊರನುಗ್ಗುತ್ತದೆ. ಹೀಟರ್, ಎಂಜಿನ್ ಎರಡನ್ನೂ ಆರಿಸಿ, ಹತ್ತು ನಿಮಿಷ ಕಿಟಕಿ ತೆರೆದಿಟ್ಟು ಒಳಹೊರಗಿನ ತಾಪ ಒಂದಾದ ಮೇಲೆ ತೆಗೆಯಿರಿ. ಕಿಟಕಿಯ ಮೇಲೆ ಅಕ್ಕಿಚೀಲ ಇಟ್ಟರೆ ಲೆನ್ಸ್ ಅಲುಗದು.

ದೂರದ ವಿಷಯ. ರಸ್ತೆಯಲ್ಲೇ, ಗಾಡಿಯಲ್ಲೇ ಇರಿ. ನಡೆಯಲೇಬೇಕಾದರೆ 400 ಮೀಟರಿಗಿಂತ ಹತ್ತಿರ ಬೇಡ. ಹಕ್ಕಿ ಮೇಯುವುದು ನಿಲ್ಲಿಸಿ ಕೊರಳು ನೇರ ಮಾಡಿ ನಿಮ್ಮತ್ತ ನಿಂತಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರವಾಗಿದ್ದೀರಿ. ಹಿಂದಕ್ಕೆ ಬನ್ನಿ. ಲಡಾಖ್‌ಗೆ ಇವು ಬರುವುದು ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ. ಜೌಗಿನ ನಡುವಿನ ದಿಬ್ಬದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಒಂದು ತಿಂಗಳಿಗೆ ತುಸು ಹೆಚ್ಚು, ಮರಿ ಹಾರಲು ಮತ್ತೆ ಸುಮಾರು ಮೂರು ತಿಂಗಳು. ಅಕ್ಟೋಬರ್ ಕೊನೆಯಿಂದ ನೀರು ಹೆಪ್ಪುಗಟ್ಟುತ್ತದೆ, ಅಷ್ಟರೊಳಗೆ ಮರಿ ಹಾರಬೇಕು. ಲೆಕ್ಕ ಹಾಕಿ ನೋಡಿ, ಜೂನ್‌ನಲ್ಲಿ ಮೊಟ್ಟೆ ಹೋದರೆ ಆ ವರ್ಷವೇ ಹೋದಂತೆ. ಕಾವಿನ ಹಕ್ಕಿ ಎದ್ದುಹೋದ ಹತ್ತು ನಿಮಿಷ ಸಾಕು, ರೇವನ್ ಕಾಗೆ ಕಾದೇ ಇರುತ್ತದೆ.

ಆದರೂ ಈಗ ದೊಡ್ಡ ಕಾಟ ಕ್ಯಾಮೆರಾದವರದಲ್ಲ, ನಾಯಿಗಳದು. ಟೆಂಟ್ ಕ್ಯಾಂಪು, ಸೇನಾ ನೆಲೆ, ರಸ್ತೆ ಕಾಮಗಾರಿಯ ಬಿಡಾರಗಳ ಎಂಜಲು ತಿಂದು ಬೆಳೆದ ನಾಯಿಗಳು ಹಾರಲಾರದ ಕ್ರೌಂಚದ ಮರಿಗಳನ್ನು ಅಟ್ಟಿ ಹಿಡಿಯುತ್ತವೆ. ಬೇಸಿಗೆಯಲ್ಲಿ ಎಂಜಲು ಸಿಗುತ್ತದೆ, ಸಂಖ್ಯೆ ಏರುತ್ತದೆ. ಕ್ಯಾಂಪು ಮುಚ್ಚುವ ಹೊತ್ತಿಗೆ ಅವು ಹಸಿದು ಬಯಲಿಗಿಳಿಯುತ್ತವೆ. ನೀವು ಮಾಡಬಹುದಾದದ್ದು ಎರಡು: ನಾಯಿಗೆ ಬಿಸ್ಕತ್ತು ಹಾಕಬೇಡಿ, ಊಟದ ಉಳಿಕೆಯನ್ನು ಡಬ್ಬಿಯಲ್ಲಿ ಲೇಹ್‌ಗೆ ವಾಪಸ್ ತನ್ನಿ. ಬಿಸ್ಕತ್ತು ಹಾಕುವುದನ್ನು ಪ್ರಾಣಿದಯೆ ಎಂದು ನಮಗೇ ಬರೆದವರಿದ್ದಾರೆ. ಕೆರೆಯ ಬಳಿ ಅದು ದಯೆಯಲ್ಲ. 2021ರಲ್ಲಿ ಲಡಾಖ್ ಆಡಳಿತ ಇದೇ ಕ್ರೌಂಚವನ್ನು ತನ್ನ ಪಕ್ಷಿ ಎಂದು ಘೋಷಿಸಿತು, ಬೋರ್ಡು ಹಾಕುವುದಕ್ಕಿಂತ ಎಂಜಲಿನ ವಿಲೇವಾರಿ ಅದಕ್ಕೆ ಹೆಚ್ಚು ಉಪಕಾರ.

ಪ್ರಶ್ನೆ: ತ್ಸೋ ಕರ್ ಬಯಲಿನಲ್ಲಿ ಪುಟ್ಟ ಹಕ್ಕಿಯೊಂದು ನೆಲದ ಬಿಲಕ್ಕೆ ನುಗ್ಗಿ ಮಾಯವಾಯಿತು. ಹಕ್ಕಿಯೇ, ಇಲಿಯೇ? (ಹಾಸನದ ಓದುಗರು)

ಎರಡೂ ಇರಬಹುದು. ಬಿಲ ತೋಡಿದ್ದು ಪೈಕಾ, ಬಾಲ ಕಾಣದ, ದುಂಡುಕಿವಿಯ, ಮೊಲದ ದಾಯಾದಿ. ಮರವಿಲ್ಲದ ನೆಲದಲ್ಲಿ ಗೂಡಿಗೆ ಬಿಲವೇ ಗತಿ, ಬಿಳಿಸೊಂಟದ ಸ್ನೋಫಿಂಚ್ ಪೈಕಾದ ಬಿಲದಲ್ಲೇ ಗೂಡು ಮಾಡುತ್ತದೆ. ನೆಟ್ಟಗೆ ನಿಂತು, ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನಿಂದ ಮಣ್ಣು ಕೆದಕುತ್ತ ಕುಪ್ಪಳಿಸುತ್ತಿದ್ದರೆ ಅದು ಗ್ರೌಂಡ್ ಟಿಟ್, ಅದು ತನ್ನ ಸುರಂಗವನ್ನು ತಾನೇ ತೋಡಿಕೊಳ್ಳುತ್ತದೆ. ಬಿಲಗಳಿಂದ 30 ಮೀಟರ್ ದೂರದಲ್ಲಿ ನೆಲಕ್ಕೆ ಕುಳಿತು ಅರ್ಧ ಗಂಟೆ ಅಲುಗದಿರಿ. ಮೊದಲು ಪೈಕಾ, ಆಮೇಲೆ ಹಕ್ಕಿ ಹೊರಬರುತ್ತವೆ, ಮೇಲೆ ಅಪ್‌ಲ್ಯಾಂಡ್ ಬಜರ್ಡ್ ಸುತ್ತುತ್ತಿದ್ದರೆ ಯಾವುದೂ ಬರುವುದಿಲ್ಲ. ಗಾಡಿಯನ್ನು ಟಾರು ಅಥವಾ ಹಳೆಯ ಚಕ್ರದ ಜಾಡು ಬಿಟ್ಟು ಇಳಿಸಬೇಡಿ. ಬಿಲಗಳ ಮೇಲ್ಛಾವಣಿ ಒಂದು ಗೇಣು ಮಣ್ಣೂ ಇರುವುದಿಲ್ಲ, ಚಕ್ರ ಹತ್ತಿದರೆ ಕುಸಿಯುತ್ತದೆ.

ಪ್ರಶ್ನೆ: ಫೆಬ್ರವರಿಯಲ್ಲಿ ಹಿಮಚಿರತೆ ನೋಡಲು ಹೋಗುತ್ತಿದ್ದೇವೆ. ಹಕ್ಕಿ ಇರುತ್ತವೆಯೇ? (ಧಾರವಾಡದ ಓದುಗರು)

ಜಾತಿ ಕಡಿಮೆ, ನೋಡಲು ಸುಲಭ. ಕೆರೆಗಳು ಗಡ್ಡೆಕಟ್ಟಿರುತ್ತವೆ, ಆ ಕಡೆ ಹೋಗುವುದೇ ಬೇಡ. ಮೇಲಿದ್ದವೆಲ್ಲ ಸಿಂಧೂ ಕಣಿವೆಗೆ ಇಳಿದಿರುತ್ತವೆ, ಅಲ್ಲಿ ಸೀಬಕ್‌ಥಾರ್ನ್‌ನ ಕಿತ್ತಳೆ ಹಣ್ಣು ಕೊಂಬೆಯಲ್ಲೇ ಉಳಿದಿರುತ್ತದೆ. ಹಣ್ಣು ಗಟ್ಟಿಯಾಗಿರುವ ಒಂದು ಪೊದೆ ಆರಿಸಿ ಬಿಸಿಲು ಬಂದ ಮೇಲೆ ಒಂದು ಗಂಟೆ ನಿಲ್ಲಿ. ಗುಲ್ಡೆನ್‌ಸ್ಟಾಟ್ಸ್ ರೆಡ್‌ಸ್ಟಾರ್ಟ್ ಬಂದೇ ಬರುತ್ತದೆ, ಗಂಡಿಗೆ ಬಿಳಿ ನೆತ್ತಿ, ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ, ಇಟ್ಟಿಗೆ ಕೆಂಪಿನ ಹೊಟ್ಟೆ. ಚಳಿಗಾಲದಲ್ಲಿ ನಿಮ್ಮ ಹಿತ್ತಿಲಿಗೇ ಬರುವ ಅದುರುಬಾಲ ಇದರ ಬಳಗದ್ದು. ಕಪ್ಪುಕುತ್ತಿಗೆಯ ಥ್ರಷ್, ಗ್ರೇಟ್ ರೋಸ್‌ಫಿಂಚ್, ನೇರಳೆ ಮೈಯ ವೈಟ್‌ಬ್ರೌಡ್ ಟಿಟ್‌ವಾರ್ಬ್ಲರ್ ಇದೇ ಪೊದೆಗಳ ಸುತ್ತ. ಶೇ ಬಳಿ ಹೆಪ್ಪುಗಟ್ಟದೆ ಹರಿಯುವ ಬುಗ್ಗೆ ತೋಡುಗಳಲ್ಲಿ ಸಾಲಿಟರಿ ಸ್ನೈಪ್ ಹುಡುಕಿ. ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್‌ನಲ್ಲಿ ಚಿರತೆಗಾಗಿ ಕಾಯುವಾಗ ಗಡ್ಡದ ರಣಹದ್ದು, ಚಿನ್ನದ ಗಿಡುಗ ಹೇಗೂ ಸಿಗುತ್ತವೆ.

ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಬ್ಯಾಟರಿಗಳನ್ನು ಒಳಜೇಬಿನಲ್ಲಿಟ್ಟು ಬೇಕಾದಾಗ ಹಾಕಿಕೊಳ್ಳಿ. ಕ್ಯಾಮೆರಾವನ್ನು ಕೋಣೆಗೆ ತರುವ ಮುನ್ನ ಚೀಲದ ಜಿಪ್ ಹಾಕಿ, ಎರಡು ಗಂಟೆ ತೆರೆಯಬೇಡಿ. ತೆರೆದರೆ ತಣ್ಣನೆಯ ಗಾಜಿನ ಮೇಲೆ ಹಬೆ ಕೂತು ಒಳಗೂ ಇಳಿಯುತ್ತದೆ.

ಪ್ರಶ್ನೆ: ಲೇಹ್‌ನಿಂದ ತ್ಸೋ ಕರ್‌ವರೆಗಿನ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿದೆ, ಪ್ರಶ್ನೆ ಎತ್ತಿದ್ದಾರೆ. ತಪ್ಪೇನು? (ದಾವಣಗೆರೆಯ ಓದುಗರು)

150 ಕಿ.ಮೀ.ಗೂ ಹೆಚ್ಚಿನ ದಾರಿಗೆ ಒಂದೇ ಪಟ್ಟಿ ಹಾಕಿದ್ದೇ ತಪ್ಪು. ಹಾಗೆ ಮಾಡಿದರೆ ಊರಿನ ಮ್ಯಾಗ್‌ಪೈ 5,000 ಮೀಟರಿನ ಲಾದಲ್ಲೂ, ಸ್ನೋಫಿಂಚ್ ಲೇಹ್ ಪೇಟೆಯಲ್ಲೂ ಇದ್ದಂತೆ ನಕ್ಷೆಗೆ ಬೀಳುತ್ತದೆ. ನದಿದಂಡೆ, ಊರು, ಇಳಿಜಾರು, ಲಾ, ಜೌಗು, ಉಪ್ಪಂಚು, ಇವಕ್ಕೆಲ್ಲ ಬೇರೆ ಬೇರೆ ಪಟ್ಟಿ. ಒಂದೊಂದು ಹದಿನೈದು ನಿಮಿಷದಿಂದ ಒಂದು ಗಂಟೆ, ದೂರ 2 ಕಿ.ಮೀ. ಒಳಗೆ. ಕಾರಿನಲ್ಲಿ ಕುಳಿತೇ ಕಂಡದ್ದನ್ನು ಪ್ರಾಸಂಗಿಕ ದಾಖಲೆ ಎಂದು ಗುರುತಿಸಿ. ಉಪ್ಶಿ ದಾಟಿದ ಮೇಲೆ ಸಿಗ್ನಲ್ ನಂಬುವಂತಿಲ್ಲ, ಲೇಹ್‌ನಲ್ಲೇ ಲಡಾಖ್‌ನ ಹಕ್ಕಿಪಟ್ಟಿ ಮತ್ತು ನಕ್ಷೆ ಇಳಿಸಿಕೊಳ್ಳಿ. ಗೂಡಿನ ಫೋಟೊ, ಜಾಗದ ಗುರುತು ಹಾಕಬೇಡಿ.

ಪ್ರಶ್ನೆ: ಮಲ್ಪೆ ಕಡಲದಂಡೆಯಲ್ಲಿ ಜುಲೈ ಕೊನೆಗೇ ಕೆಂಪೆದೆಯ ಸ್ಯಾಂಡ್ ಪ್ಲವರ್ ಕಂಡವು. ಇವು ಚಳಿಗಾಲದ ಹಕ್ಕಿಯಲ್ಲವೇ? (ಉಡುಪಿಯ ಓದುಗರು)

ಮರಿ ಮಾಡಿ ಮುಗಿಸಿ ಬೇಗ ಇಳಿದ ದೊಡ್ಡ ಹಕ್ಕಿಗಳವು. ಹಿಂದೆ ಲೆಸರ್ ಸ್ಯಾಂಡ್ ಪ್ಲವರ್ ಎನ್ನುತ್ತಿದ್ದುದನ್ನು ಈಗ ಎರಡು ಜಾತಿಯಾಗಿ ಒಡೆದಿದ್ದಾರೆ. ನಮ್ಮ ಪಶ್ಚಿಮ ಕರಾವಳಿಗೆ ಬರುವುದು ಟಿಬೆಟನ್ ಸ್ಯಾಂಡ್ ಪ್ಲವರ್, ಲಡಾಖ್‌ನ ಕೆರೆಯಂಚುಗಳಲ್ಲೂ ಅದು ಮರಿ ಮಾಡುತ್ತದೆ. ಕೆಂಪು ಮಾಸುವ ಮೊದಲೇ ಹಣೆಯ ಫೋಟೊ ತೆಗೆಯಿರಿ. ಹಣೆ ಬಹುತೇಕ ಕಪ್ಪಾಗಿದ್ದು, ಬಿಳಿ ಗಂಟಲಿಗೂ ಕೆಂಪು ಎದೆಗೂ ನಡುವೆ ಕಪ್ಪುಗೆರೆ ಇಲ್ಲದಿದ್ದರೆ ಟಿಬೆಟನ್. ಹಣೆಯಲ್ಲಿ ಬಿಳಿ, ನಡುವೆ ತೆಳು ಕಪ್ಪುಗೆರೆ ಇದ್ದರೆ ಅದು ಸೈಬೀರಿಯನ್, ನಮ್ಮಲ್ಲಿ ಅಪರೂಪ, ಆ ಚಿತ್ರವನ್ನು ನಮಗೂ ಕಳಿಸಿ. ಜೂನ್‌ನಲ್ಲೇ ಕಾಣುವ ಮಂಕು ಬಣ್ಣದವು ಇನ್ನೂ ಮರಿ ಮಾಡುವ ವಯಸ್ಸಾಗದೆ ಕರಾವಳಿಯಲ್ಲೇ ಉಳಿದ ಎಳೆಯವು.